ಆಸ್ಟ್ರೇಲಿಯಾದ ದನಗಳ ಸೀಮೆಯಲ್ಲಿ ರಸ್ತೆ ಪ್ರಯಾಣ: ಬ್ರಿಸ್ಬೇನ್‌ನಿಂದ ಡಾರ್ವಿನ್‌ವರೆಗೆ ಸಮಗ್ರ ಮಾರ್ಗದರ್ಶಿ

ಆಸ್ಟ್ರೇಲಿಯಾಕ್ಕೆ ಹೋಗುವ ಕನ್ನಡಿಗರಲ್ಲಿ ಹೆಚ್ಚಿನವರು ಸಿಡ್ನಿ, ಮೆಲ್ಬರ್ನ್ ಮತ್ತು ಕಡಲತೀರಗಳನ್ನು ನೋಡಿ ಮರಳುತ್ತಾರೆ. ಕ್ವೀನ್ಸ್‌ಲ್ಯಾಂಡಿನ ಪಶ್ಚಿಮ ಭಾಗದಿಂದ ಉತ್ತರ ಪ್ರಾಂತದವರೆಗೆ (ನಾರ್ದರ್ನ್ ಟೆರಿಟರಿ) ಹರಡಿರುವ ದನಗಳ ಸೀಮೆಯನ್ನು ನೋಡುವವರು ತೀರಾ ವಿರಳ. ಅಲ್ಲಿ ಒಂದೊಂದು ದನಗಳ ಎಸ್ಟೇಟು, ಅಲ್ಲಿಯವರು 'ಸ್ಟೇಷನ್' ಎಂದು ಕರೆಯುವುದು, ನಮ್ಮ ಕಲ್ಪನೆಗೆ ಮೀರಿದಷ್ಟು ದೊಡ್ಡದು. ಬಾರ್ಕ್ಲಿ ಪ್ರಸ್ಥಭೂಮಿಯ ಬ್ರೂನೆಟ್ ಡೌನ್ಸ್ ಸ್ಟೇಷನ್ 12,000 ಚದರ ಕಿಲೋಮೀಟರಿಗಿಂತ ವಿಸ್ತಾರವಾಗಿದೆ. ಅದರೊಳಗೆ ಬೆಂಗಳೂರು ನಗರ ಜಿಲ್ಲೆಯಂಥ ಐದು ಜಿಲ್ಲೆಗಳು ಹಿಡಿಯುತ್ತವೆ. ಇಂಥ ಸೀಮೆಯಲ್ಲಿ ಜನರನ್ನು ಕಾಣಬೇಕಾದರೆ ಅದಕ್ಕೆ ಮೊದಲೇ ಸಿದ್ಧತೆ ಬೇಕು. ಆ ಜನರ ಬದುಕೆಲ್ಲ ದನಗಳ ಸುತ್ತಲೇ ಇರುವುದರಿಂದ, ಅವರ ದನ, ಬೇಲಿ, ಗೇಟು ಮತ್ತು ಕೆಲಸದ ಹೊತ್ತಿನ ವಿಷಯದಲ್ಲಿ ನೀವು ಹೇಗೆ ನಡೆದುಕೊಳ್ಳುತ್ತೀರಿ ಎಂಬುದರ ಮೇಲೆಯೇ ಅವರ ಸ್ನೇಹ ನಿಂತಿರುತ್ತದೆ. ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಆ ನಡವಳಿಕೆಯ ಕುರಿತೇ ಇದೆ.

ಮೊದಲ ಹಂತ: ಕಾಲ ಮತ್ತು ದಾರಿಯನ್ನು ನಿಶ್ಚಯಿಸುವುದು

ಉತ್ತರ ಆಸ್ಟ್ರೇಲಿಯಾದಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆಗಾಲ. ಆ ತಿಂಗಳುಗಳಲ್ಲಿ ಸೆಖೆ ವಿಪರೀತ, ಹೆದ್ದಾರಿಗಳು ನೆರೆಯಿಂದ ದಿನಗಟ್ಟಲೆ ಮುಚ್ಚುತ್ತವೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗಿನ ಒಣ ಹವೆಯ ಕಾಲವೇ ಪ್ರಯಾಣಕ್ಕೆ ಯೋಗ್ಯ. ಚದುರಿದ ಮಂದೆಗಳನ್ನು ಒಟ್ಟುಗೂಡಿಸುವ 'ಮಸ್ಟರಿಂಗ್' ಕೆಲಸವೂ, ಊರೂರಿನ ರೋಡಿಯೋ (ಕೊಸರಾಡುವ ಹೋರಿ, ಕುದುರೆಗಳ ಮೇಲೆ ಬೀಳದೆ ಕುಳಿತಿರುವ ಸ್ಪರ್ಧೆ) ಮತ್ತು ಕುದುರೆ ಪಂದ್ಯಗಳೂ ನಡೆಯುವುದು ಈ ಕಾಲದಲ್ಲಿಯೇ. ನನ್ನ ಆಯ್ಕೆ ಆಗಸ್ಟ್. ಕಾರಣಗಳು ಮುಂದೆ ತಾವಾಗಿಯೇ ತಿಳಿಯುತ್ತವೆ.

ದಾರಿ ಹೀಗಿರಲಿ: ಬ್ರಿಸ್ಬೇನ್‌ನಿಂದ ಪಶ್ಚಿಮಕ್ಕೆ ರೋಮಾ, ಅಲ್ಲಿಂದ ವಾಯವ್ಯಕ್ಕೆ ಬ್ಲ್ಯಾಕಾಲ್, ಲಾಂಗ್‌ರೀಚ್, ವಿಂಟನ್, ಕ್ಲಾನ್‌ಕರಿ, ಮೌಂಟ್ ಐಸಾ, ಗಡಿಯೂರು ಕ್ಯಾಮುವೀಲ್ ದಾಟಿ ಬಾರ್ಕ್ಲಿ ಹೆದ್ದಾರಿಯಲ್ಲಿ ತ್ರೀ ವೇಸ್ ಎಂಬ ಕೂಡುರಸ್ತೆ, ಅಲ್ಲಿಂದ ಸ್ಟುವರ್ಟ್ ಹೆದ್ದಾರಿ ಹಿಡಿದು ಕ್ಯಾಥರಿನ್ ಮತ್ತು ಡಾರ್ವಿನ್. ಇದು ಸುಮಾರು 3,400 ಕಿಲೋಮೀಟರ್ ದೂರ, ಪೂರ್ತಿ ಡಾಂಬರು ರಸ್ತೆ. ಬರಿದೇ ಓಡಿಸಿಕೊಂಡು ಹೋಗುವವರು ಐದಾರು ದಿನಗಳಲ್ಲಿ ಮುಗಿಸಬಲ್ಲರು. ಜನರೊಡನೆ ಬೆರೆಯಬೇಕೆಂಬ ಆಸೆಯಿದ್ದರೆ ಮೂರು ವಾರ ಬೇಕೇ ಬೇಕು. ಅಷ್ಟು ರಜೆ ಸಿಗದವರು ರೋಮಾದಿಂದ ಮೌಂಟ್ ಐಸಾವರೆಗಿನ ಭಾಗವನ್ನಷ್ಟೇ ಆರಿಸಿಕೊಂಡು ನಿಧಾನವಾಗಿ ಸಾಗುವುದು, ಇಡೀ ದಾರಿಯನ್ನು ಅವಸರದಲ್ಲಿ ಓಡುವುದಕ್ಕಿಂತ ಉತ್ತಮ.

ಎರಡನೆಯ ಹಂತ: ಊರಿನಿಂದಲೇ ಶುಚಿಯಾಗಿ ಹೊರಡುವುದು

ಭಾರತದಿಂದ ಹೋಗುವವರಿಗೆ ಬೇರೆಲ್ಲಕ್ಕಿಂತ ಮುಖ್ಯವಾದ ಹಂತ ಇದು. ನಮ್ಮಲ್ಲಿ ಕಾಲುಬಾಯಿ ರೋಗ ಹೊಸದಲ್ಲ. ವರ್ಷವರ್ಷವೂ ಲಸಿಕೆ ಹಾಕಿಸುತ್ತೇವೆ, ಕಾಣಿಸಿಕೊಂಡರೆ ಚಿಕಿತ್ಸೆ ಮಾಡುತ್ತೇವೆ. ಆಸ್ಟ್ರೇಲಿಯಾದಲ್ಲಿ ಆ ರೋಗ 1872ರ ನಂತರ ಕಾಣಿಸಿಕೊಂಡಿಲ್ಲ. ಒಂದೇ ಒಂದು ಪ್ರಕರಣ ಪತ್ತೆಯಾದರೂ ಆ ದೇಶದ ದನ ಮತ್ತು ಮಾಂಸದ ರಫ್ತು ಒಡನೆಯೇ ನಿಂತುಹೋಗುತ್ತದೆ, ರೋಗ ಹರಡದಂತೆ ಅಸಂಖ್ಯ ದನಗಳನ್ನು ಕೊಲ್ಲಬೇಕಾಗುತ್ತದೆ. ನಮ್ಮನ್ನು ಇತ್ತೀಚಿನ ವರ್ಷಗಳಲ್ಲಿ ಕಾಡಿದ ಚರ್ಮಗಂಟು ರೋಗವೂ ಅಲ್ಲಿಲ್ಲ. ಕಾಲುಬಾಯಿ ರೋಗದ ವೈರಾಣು ಚಪ್ಪಲಿಗೆ ಅಂಟಿದ ಸಗಣಿ ಮಣ್ಣಿನಲ್ಲಿ, ಬಟ್ಟೆಯಲ್ಲಿ, ಹಸಿ ಹಾಲಿನಲ್ಲಿ ಪಯಣಿಸಬಲ್ಲದು. ಆದ್ದರಿಂದ ಭಾರತದಿಂದ ಬಂದವರು ಎಂದೊಡನೆ ಸ್ಟೇಷನ್ನಿನ ಯಜಮಾನರ ಮನಸ್ಸಿನಲ್ಲಿ ಒಂದು ಆತಂಕ ಮೂಡಿದರೆ ಅದನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ; ದನ ಸಾಕಿದ ಯಾರಿಗಾದರೂ ಅದು ಅರ್ಥವಾಗುವಂಥದ್ದೇ.

ಮಾಡಬೇಕಾದುದು ಸರಳ. ಹೊರಡುವ ಮೊದಲಿನ ಒಂದು ತಿಂಗಳು ಸಾಧ್ಯವಾದರೆ ಕೊಟ್ಟಿಗೆ, ಜಾನುವಾರು ಜಾತ್ರೆ, ಹಾಲಿನ ಡೇರಿಗಳಿಂದ ದೂರವಿರಿ. ಆಸ್ಟ್ರೇಲಿಯಾ ಪ್ರವೇಶಿಸುವಾಗ ತುಂಬುವ ಕಾರ್ಡಿನಲ್ಲಿ ಕಳೆದ 30 ದಿನಗಳಲ್ಲಿ ಹೊಲ ತೋಟಗಳಿಗೆ ಹೋಗಿದ್ದಿರಾ, ಸಾಕುಪ್ರಾಣಿಗಳ ಸಂಪರ್ಕಕ್ಕೆ ಬಂದಿದ್ದಿರಾ ಎಂಬ ಪ್ರಶ್ನೆಯೇ ಇರುತ್ತದೆ. ಮನೆಯಲ್ಲಿ ಹಸು ಕಟ್ಟಿದ್ದರೆ ಹೌದೆಂದು ಬರೆಯಿರಿ. ಅಧಿಕಾರಿ ನಿಮ್ಮ ಪಾದರಕ್ಷೆಗಳನ್ನು ಪರೀಕ್ಷಿಸಿ, ಬೇಕಾದರೆ ತೊಳೆಸಿ ಕಳುಹಿಸುತ್ತಾರೆ, ಅಷ್ಟೇ. ಸುಳ್ಳು ಬರೆದು ಸಿಕ್ಕಿಬಿದ್ದರೆ ದೊಡ್ಡ ದಂಡ ಬೀಳುತ್ತದೆ, ವೀಸಾವನ್ನೇ ರದ್ದುಪಡಿಸುವ ಅಧಿಕಾರವೂ ಅವರಿಗಿದೆ. ಪೇಡ, ಕುಂದ, ತುಪ್ಪ, ಬೀಜಗಳು, ಹಸಿ ಚರ್ಮ ಬಿಗಿದ ವಾದ್ಯಗಳು ಇಂಥವನ್ನು ಒಯ್ಯದಿರುವುದೇ ಲೇಸು. ಒಯ್ದರೆ ಪ್ರತಿಯೊಂದನ್ನೂ ಘೋಷಿಸಬೇಕು. ಸ್ಟೇಷನ್ನಿಗೆ ಹೋಗುವ ದಿನ ತೊಡಲು ಬ್ರಿಸ್ಬೇನ್‌ನಲ್ಲಿಯೇ ಒಂದು ಜೊತೆ ಹೊಸ ಬೂಟು ಕೊಂಡುಕೊಳ್ಳಿ ಎಂಬುದು ನನ್ನ ಬಲವಾದ ಸಲಹೆ. 'ಈ ಬೂಟನ್ನು ಇಲ್ಲಿಯೇ ಕೊಂಡೆ, ಭಾರತದಲ್ಲಿ ತೊಟ್ಟಿಲ್ಲ' ಎಂದು ಹೇಳುವ ಅತಿಥಿಯನ್ನು ಕಂಡರೆ ಅವರಿಗೆ ಅರ್ಧ ಸಮಾಧಾನ ಆಗಿಹೋಗುತ್ತದೆ.

ಮೂರನೆಯ ಹಂತ: ವಾಹನ, ಕಾಗದಪತ್ರ, ನೀರು ಮತ್ತು ಸಂಪರ್ಕ

ಅಲ್ಲಿಯೂ ರಸ್ತೆಯ ಎಡಬದಿಯಲ್ಲಿ ಓಡಿಸುವುದರಿಂದ ನಮಗೆ ಒಂದು ಕಷ್ಟ ಕಡಿಮೆ. ಇಂಗ್ಲಿಷ್‌ನಲ್ಲಿರುವ ಮೂಲ ಚಾಲನಾ ಪರವಾನಗಿಯ ಜೊತೆಗೆ ಸಾರಿಗೆ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಪಡೆದು ಹೋದರೆ ಬಾಡಿಗೆ ಕಾರಿನ ಕಚೇರಿಯಲ್ಲಿ ತಕರಾರು ಬರುವುದಿಲ್ಲ. ಮೇಲೆ ಹೇಳಿದ ದಾರಿಗೆ ನಾಲ್ಕು ಚಕ್ರ ಚಾಲನೆಯ ಜೀಪು ಕಡ್ಡಾಯವಲ್ಲ, ಆದರೆ ಸ್ಟೇಷನ್ನುಗಳ ಒಳದಾರಿಗಳು ಮಣ್ಣಿನವು. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಮೂರು ವಿಷಯಗಳನ್ನು ಓದಿ ನೋಡಿ: ಡಾಂಬರಿಲ್ಲದ ರಸ್ತೆಗೆ ವಿಮೆ ಅನ್ವಯಿಸುತ್ತದೆಯೇ, ಸಂಜೆಯಿಂದ ಬೆಳಗಿನವರೆಗೆ ಓಡಿಸಲು ಅನುಮತಿಯಿದೆಯೇ, ಪ್ರಾಣಿಗೆ ಡಿಕ್ಕಿಯಾದರೆ ನಷ್ಟ ಯಾರದು. ಕಾರನ್ನು ಬೇರೆ ಊರಿನಲ್ಲಿ ಹಿಂದಿರುಗಿಸುವುದಕ್ಕೆ ಪ್ರತ್ಯೇಕ ಶುಲ್ಕ ಇರುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೊಬೈಲ್ ಸಿಗ್ನಲ್ ಊರು ದಾಟಿದ ಸ್ವಲ್ಪ ಹೊತ್ತಿಗೇ ಮಾಯವಾಗುತ್ತದೆ. ಟೆಲ್‌ಸ್ಟ್ರಾ ಸಂಸ್ಥೆಯ ಜಾಲ ಬೇರೆಯವರಿಗಿಂತ ಹೆಚ್ಚು ದೂರ ಹಬ್ಬಿರುವುದರಿಂದ ಅದರ ಸಿಮ್ ಕೊಳ್ಳಿ. ಉಪಗ್ರಹ ಫೋನನ್ನಾಗಲಿ ತುರ್ತು ಸಂಕೇತ ಕಳುಹಿಸುವ ಬೀಕನ್ ಅನ್ನಾಗಲಿ ಬಾಡಿಗೆಗೆ ಪಡೆಯುವುದು ಒಳ್ಳೆಯದು. ಯುಎಚ್‌ಎಫ್ ರೇಡಿಯೋ (ಗಾಡಿಯಿಂದ ಗಾಡಿಗೆ ಮಾತನಾಡುವ ಸಾಧನ) ಇದ್ದರೆ ಇನ್ನೂ ಒಳ್ಳೆಯದು. ಹೆದ್ದಾರಿಯ ಲಾರಿ ಚಾಲಕರು ಚಾನೆಲ್ 40ರಲ್ಲಿ ಮಾತನಾಡುತ್ತಾರೆ. 5 ಮತ್ತು 35 ತುರ್ತು ಕರೆಗೆ ಮೀಸಲು, ಅವುಗಳಲ್ಲಿ ಹರಟಬಾರದು. ತುರ್ತು ದೂರವಾಣಿ ಸಂಖ್ಯೆ 000. ಪ್ರತಿಯೊಬ್ಬರಿಗೂ ದಿನಕ್ಕೆ ಹತ್ತು ಲೀಟರಿನ ಲೆಕ್ಕದಲ್ಲಿ ನೀರು ಗಾಡಿಯಲ್ಲಿರಲಿ. ಗಾಡಿ ಕೆಟ್ಟು ನಿಂತರೆ ಅದನ್ನು ಬಿಟ್ಟು ನಡೆದು ಹೋಗಬೇಡಿ. ಹುಡುಕುವವರಿಗೆ ಮನುಷ್ಯನಿಗಿಂತ ಗಾಡಿಯೇ ಬೇಗ ಕಾಣುತ್ತದೆ.

ಇಂಧನದ ವಿಷಯದಲ್ಲಿ ಒಂದೇ ನಿಯಮ: ಬಂಕ್ ಕಂಡಲ್ಲೆಲ್ಲ ಟ್ಯಾಂಕ್ ತುಂಬಿಸಿ. ಕ್ಯಾಮುವೀಲ್ ಬಿಟ್ಟರೆ ಮುಂದಿನ ಬಂಕ್ ಬಾರ್ಕ್ಲಿ ಹೋಮ್‌ಸ್ಟೆಡ್‌ನಲ್ಲಿ, ಸುಮಾರು 260 ಕಿಲೋಮೀಟರ್ ದೂರದಲ್ಲಿದೆ.

ನಾಲ್ಕನೆಯ ಹಂತ: ರಸ್ತೆಯ ಮೇಲಿನ ನಡವಳಿಕೆ

ಈ ಸೀಮೆಯ ಬಹುಭಾಗದಲ್ಲಿ ರಸ್ತೆಗೂ ಹುಲ್ಲುಗಾವಲಿಗೂ ನಡುವೆ ಬೇಲಿಯಿಲ್ಲ. ಸಂಜೆಯಾದರೆ ದನಗಳು ರಸ್ತೆಗೆ ಬಂದು ನಿಲ್ಲುತ್ತವೆ, ಕಾಂಗರೂಗಳು ಅಡ್ಡ ಹಾರುತ್ತವೆ. ಕಪ್ಪು ಬಣ್ಣದ ಹಸು ಕತ್ತಲಲ್ಲಿ ದೀಪದ ಬೆಳಕಿಗೆ ಸಿಗುವ ಹೊತ್ತಿಗೆ ಬ್ರೇಕ್ ಹಾಕಲು ಸಮಯ ಉಳಿದಿರುವುದಿಲ್ಲ. ಹೊತ್ತು ಮುಳುಗುವ ಒಂದು ಗಂಟೆ ಮೊದಲೇ ಆ ದಿನದ ಪ್ರಯಾಣ ಮುಗಿಸಿಬಿಡಿ. ಉತ್ತರ ಪ್ರಾಂತದ ಸ್ಟುವರ್ಟ್ ಹೆದ್ದಾರಿಯ ಕೆಲವು ಭಾಗಗಳಲ್ಲಿ ಗಂಟೆಗೆ 130 ಕಿಲೋಮೀಟರ್ ವೇಗಕ್ಕೆ ಅನುಮತಿಯಿದ್ದರೂ 100ರ ಆಸುಪಾಸಿನಲ್ಲಿಯೇ ಇರುವುದು ಕ್ಷೇಮ.

ದನ ಸಾಗಿಸುವ 'ರೋಡ್ ಟ್ರೇನ್' ಎಂಬ ಸರಣಿ ಲಾರಿಗಳು 53.5 ಮೀಟರಿನಷ್ಟು ಉದ್ದ ಇರುತ್ತವೆ. ಅವುಗಳನ್ನು ಹಿಂದಿಕ್ಕಬೇಕಾದರೆ ಎದುರಿಗೆ ಒಂದು ಕಿಲೋಮೀಟರಿಗಿಂತ ಹೆಚ್ಚು ದೂರ ಖಾಲಿ ರಸ್ತೆ ಕಾಣುತ್ತಿರಬೇಕು. ಒಂಟಿ ಪಟ್ಟಿಯ ಡಾಂಬರು ರಸ್ತೆಯಲ್ಲಿ ಅಂಥ ಲಾರಿ ಎದುರಾದರೆ ನೀವೇ ಪೂರ್ತಿಯಾಗಿ ಎಡಕ್ಕೆ ಇಳಿದು ನಿಲ್ಲಿ. ಮೂರು ಟ್ರೇಲರ್‌ಗಳಲ್ಲಿ ನಿಂತ ದನಗಳನ್ನು ಹೊತ್ತ ಆ ಚಾಲಕ ಪಕ್ಕಕ್ಕೆ ಇಳಿದರೆ ಗಾಡಿ ಮಗುಚುವ ಅಪಾಯವಿದೆ, ಒಳಗಿರುವ ದನಗಳು ಒಂದರ ಮೇಲೊಂದು ಬೀಳುತ್ತವೆ.

ಕ್ವೀನ್ಸ್‌ಲ್ಯಾಂಡಿನಲ್ಲಿ ಇಂದಿಗೂ ಮಂದೆಗಳನ್ನು ಹಳೆಯ ದನದ ಹಾದಿಗಳಲ್ಲಿ ಮೇಯಿಸುತ್ತ ನಡೆಸಿಕೊಂಡು ಹೋಗುವ 'ಡ್ರೋವರ್'ಗಳಿದ್ದಾರೆ. ಮುಂದೆ ದನಗಳಿವೆ ಎಂಬ ಫಲಕ ಕಂಡರೆ ವೇಗವನ್ನು ನಡಿಗೆಯ ಮಟ್ಟಕ್ಕೆ ಇಳಿಸಿ. ಹಾರ್ನ್ ಮಾತ್ರ ಹೊಡೆಯಲೇಬಾರದು. ನಮ್ಮ ರಸ್ತೆಯ ದನ ಹಾರ್ನಿಗೆ ಕಿವಿಗೊಡುವುದಿಲ್ಲ. ಮನುಷ್ಯರನ್ನೇ ಅಪರೂಪಕ್ಕೆ ಕಂಡ ಅಲ್ಲಿಯ ದನ ಬೆದರಿ ಓಡುತ್ತದೆ, ಆಗ ಒಂದು ದಿನದ ಕೆಲಸ ಹಾಳಾಗುತ್ತದೆ. ಕುದುರೆಯ ಮೇಲಿರುವವರು ಕೈಮಾಡಿದಾಗ ಮಾತ್ರ ಮೆಲ್ಲಗೆ ಮುಂದೆ ಸರಿಯಿರಿ. ಎದುರಿಗೆ ಬರುವ ಚಾಲಕರು ಸ್ಟಿಯರಿಂಗ್ ಮೇಲಿನಿಂದ ಒಂದು ಬೆರಳನ್ನು ಮೇಲೆತ್ತುತ್ತಾರೆ. ಅದು ಅವರ ನಮಸ್ಕಾರ. ನೀವೂ ಹಾಗೆಯೇ ಬೆರಳೆತ್ತಿ.

ಹೊರಡುವ ಮುನ್ನ ಪ್ರತಿದಿನ ರಸ್ತೆಯ ಸ್ಥಿತಿಯನ್ನು ವಿಚಾರಿಸಬೇಕು. ಮಿಚೆಲ್ ಹುಲ್ಲು ಬೆಳೆಯುವ ಈ ಬಯಲುಗಳದು ಕಪ್ಪು ಮಣ್ಣು. ಧಾರವಾಡ, ಗದಗ ಕಡೆಯ ಎರೆಭೂಮಿಯಲ್ಲಿ ಮಳೆಗಾಲದಲ್ಲಿ ನಡೆದವರಿಗೆ ಅದರ ಗುಣವನ್ನು ವಿವರಿಸಬೇಕಾಗಿಲ್ಲ. ಒಂದು ಹದ ಮಳೆ ಬಿದ್ದರೂ ಸ್ಟೇಷನ್ನಿನ ಒಳದಾರಿಗೆ ಗಾಡಿ ಇಳಿಸಬೇಡಿ. ನೀವು ಸಿಕ್ಕಿಕೊಳ್ಳುವುದಲ್ಲದೆ, ಆ ದಾರಿಯಲ್ಲಿ ಬಿದ್ದ ಆಳದ ಗಾಲಿಯ ಜಾಡು ಒಣಗಿ ಗಟ್ಟಿಯಾಗಿ ತಿಂಗಳುಗಟ್ಟಲೆ ಅವರನ್ನು ಕಾಡುತ್ತದೆ.

ಐದನೆಯ ಹಂತ: ಜನ ಸೇರುವ ಕಡೆ ಹೋಗುವುದು

ಕಂಡ ಕಂಡ ಗೇಟನ್ನು ತೆರೆದು ಒಳಗೆ ಹೋಗಿ ಪರಿಚಯ ಮಾಡಿಕೊಳ್ಳುವುದು ಅಲ್ಲಿ ಸಭ್ಯತೆಯಲ್ಲ. ಜನರೇ ಬಂದು ಸೇರುವ ಜಾಗಗಳಿಂದ ಆರಂಭಿಸಬೇಕು. ಮೊದಲನೆಯದು ರೋಮಾದ ದನಗಳ ಸಂತೆ. ಆಸ್ಟ್ರೇಲಿಯಾದಲ್ಲಿಯೇ ಅತಿ ದೊಡ್ಡದೆಂದು ಹೆಸರಾದ ಈ ಹರಾಜು ಕಟ್ಟೆಗೆ ಮಂಗಳವಾರ ಬೆಳಿಗ್ಗೆ ಹೋಗಿ. ಕೊಳ್ಳುವವರ ದಾರಿಗೆ ಅಡ್ಡಬಾರದೆ ಒಂದು ಬದಿಯಲ್ಲಿ ನಿಂತರೆ, ಹರಾಜುಗಾರ ತೂಕದ ಕಿಲೋಗೆ ಇಷ್ಟು ಸೆಂಟ್ ಎಂದು ಓಟದ ದನಿಯಲ್ಲಿ ಕೂಗುವುದೂ, ಕೊಳ್ಳುವವರು ಕಂಡೂ ಕಾಣದಂತೆ ತಲೆಯಾಡಿಸುವುದೂ ನೋಡಲು ಸಿಗುತ್ತದೆ. ನಮ್ಮ ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವ ಪದ್ಧತಿಯನ್ನು ಅಲ್ಲಿಯ ಹಿರಿಯರೊಬ್ಬರಿಗೆ ವಿವರಿಸಿ ನೋಡಿ. ಮಾತು ಮುಂದುವರಿಯಲು ಅಷ್ಟು ಸಾಕು. ಮುಚ್ಚಿದ ಬೂಟು ಮತ್ತು ಟೋಪಿ ಕಡ್ಡಾಯವಾಗಿ ಇರಲಿ.

ಲಾಂಗ್‌ರೀಚ್‌ನಲ್ಲಿ 1988ರಲ್ಲಿ ತೆರೆದ ದನಗಾಹಿಗಳ ವಸ್ತುಸಂಗ್ರಹಾಲಯ 'ಸ್ಟಾಕ್‌ಮನ್ಸ್ ಹಾಲ್ ಆಫ್ ಫೇಮ್' ಇದೆ. ಮುಂದೆ ಸ್ಟೇಷನ್ನಿನಲ್ಲಿ ಕೇಳಲಿರುವ ಪದಗಳ ಹಿನ್ನೆಲೆ ಇಲ್ಲಿ ತಿಳಿಯುವುದರಿಂದ ಅರ್ಧ ದಿನ ಕೊಡಬಹುದು. ಕ್ಲಾನ್‌ಕರಿಯಲ್ಲಿ ಜಾನ್ ಫ್ಲಿನ್ ಅವರ ಹೆಸರಿನ ಸಂಗ್ರಹಾಲಯವಿದೆ. ವೈದ್ಯರೇ ಇಲ್ಲದ ಈ ಬಯಲಿಗೆ ವಿಮಾನದಲ್ಲಿ ವೈದ್ಯರನ್ನು ಕಳುಹಿಸುವ, ಅವರು ಸ್ಥಾಪಿಸಿದ ಸೇವೆ ಆರಂಭವಾದುದು 1928ರ ಮೇ ತಿಂಗಳಲ್ಲಿ, ಇದೇ ಊರಿನಿಂದ. ಇಂದಿಗೂ ಸ್ಟೇಷನ್ನಿನ ಕುಟುಂಬಗಳಿಗೆ ಆ 'ಫ್ಲೈಯಿಂಗ್ ಡಾಕ್ಟರ್' ಸೇವೆಯೇ ಆಧಾರ. ಕಾಣಿಕೆ ಡಬ್ಬಿ ಎದುರಾದಲ್ಲಿ ಕೈಲಾದಷ್ಟು ಹಾಕಿ. ಅಲ್ಲಿಯವರು ಅದನ್ನು ಗಮನಿಸುತ್ತಾರೆ.

ಮೌಂಟ್ ಐಸಾದಲ್ಲಿ 1959ರಿಂದ ನಡೆದುಬಂದಿರುವ ರೋಡಿಯೋ ಆಗಸ್ಟ್ ತಿಂಗಳಲ್ಲಿ ನಡೆಯುತ್ತದೆ. ಜನಜಂಗುಳಿ ಬಹಳ, ವಸತಿಯನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು. ನನ್ನ ಮಟ್ಟಿಗೆ ಅದಕ್ಕಿಂತ ಹೆಚ್ಚು ಆತ್ಮೀಯವಾದುದು ಸಣ್ಣ ಊರುಗಳ 'ಕ್ಯಾಂಪ್‌ಡ್ರಾಫ್ಟ್'. ಕುದುರೆ ಸವಾರ ಮಂದೆಯಿಂದ ಒಂದೇ ದನವನ್ನು ಬೇರ್ಪಡಿಸಿ, ಅದನ್ನು ಬಯಲಿನಲ್ಲಿ ಗುರುತಿನ ಕಂಬಗಳ ಸುತ್ತ ಓಡಿಸಿ ತರುವ ಈ ಆಟ ಆಸ್ಟ್ರೇಲಿಯಾದಲ್ಲಿಯೇ ಹುಟ್ಟಿದ್ದು. ನೂರಾರು ಕಿಲೋಮೀಟರ್ ದೂರದಿಂದ ಕುಟುಂಬಗಳು ಬಂದು ಬಯಲಲ್ಲೇ ಬೀಡುಬಿಡುತ್ತವೆ, ಚಹಾ ತಿಂಡಿಯ ಮಳಿಗೆಯನ್ನು ಊರಿನವರೇ ನಡೆಸುತ್ತಾರೆ. ಅಲ್ಲಿ ಪಾತ್ರೆ ತೊಳೆಯಲೋ ಕುರ್ಚಿ ಜೋಡಿಸಲೋ ನೆರವಾಗುತ್ತೇನೆಂದು ಕೇಳಿದರೆ, ಸಾಮಾನ್ಯವಾಗಿ ಯಾರೂ ಬೇಡವೆನ್ನುವುದಿಲ್ಲ.

ಆರನೆಯ ಹಂತ: ಸ್ಟೇಷನ್ನಿನಲ್ಲಿ ಅತಿಥಿಯಾಗುವುದು

ಅನೇಕ ಸ್ಟೇಷನ್ನುಗಳು ಅತಿಥಿಗಳಿಗೆ ಹಣ ಪಡೆದು ವಸತಿ ಕೊಡುತ್ತವೆ. ವಾರಗಳ ಮೊದಲೇ ಪತ್ರ ಬರೆದು, ಎಷ್ಟು ಜನ, ಯಾವ ಗಾಡಿ, ಭಾರತವನ್ನು ಬಿಟ್ಟು ಎಷ್ಟು ದಿನವಾಯಿತು ಎಂಬುದನ್ನೆಲ್ಲ ತಿಳಿಸಿ. ಕ್ವೀನ್ಸ್‌ಲ್ಯಾಂಡ್ ಗಡಿ ದಾಟಿ ಉತ್ತರ ಪ್ರಾಂತಕ್ಕೆ ಕಾಲಿಟ್ಟೊಡನೆ ಗಡಿಯಾರ ಅರ್ಧ ಗಂಟೆ ಹಿಂದಕ್ಕೆ ಹೋಗುತ್ತದೆ, ತಲುಪುವ ಹೊತ್ತನ್ನು ಹೇಳುವಾಗ ಇದು ನೆನಪಿರಲಿ. ಗೇಟಿನ ಬಳಿ ಜೈವಿಕ ಸುರಕ್ಷತೆಯ ಫಲಕವಿದ್ದರೆ ಅದರಲ್ಲಿರುವ ಸಂಖ್ಯೆಗೆ ಕರೆಮಾಡಿ ಅಥವಾ ನೇರವಾಗಿ ಕಚೇರಿಗೇ ಹೋಗಿ ಹೆಸರು ಬರೆಸಿ.

ಗೇಟಿನ ನಿಯಮವನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ತೆರೆದ ಗೇಟನ್ನು ತೆರೆದೇ ಬಿಡಬೇಕು, ಮುಚ್ಚಿದ್ದನ್ನು ದಾಟಿದ ಮೇಲೆ ಮುಚ್ಚಲೇಬೇಕು. ತೆರೆದಿಟ್ಟ ಗೇಟು ಮರೆವಿನಿಂದ ಉಳಿದದ್ದೆಂದು ನೀವು ಮುಚ್ಚಿಬಿಟ್ಟರೆ, ಆಚೆಯ ದನಗಳಿಗೆ ನೀರಿನ ತೊಟ್ಟಿಯ ದಾರಿಯೇ ತಪ್ಪಿ, ಯಾರಾದರೂ ನೋಡುವಷ್ಟರಲ್ಲಿ ಬಾಯಾರಿ ಸಾಯಬಹುದು. ಮುಚ್ಚಿದ್ದನ್ನು ತೆರೆದಿಟ್ಟರೆ ಬೇರ್ಪಡಿಸಿದ ಹೋರಿಗಳೂ ಕಡಸುಗಳೂ ಬೆರೆತುಹೋಗುತ್ತವೆ. ಗಾಡಿಯಲ್ಲಿ ಚಾಲಕನ ಪಕ್ಕ ಕುಳಿತವರೇ ಇಳಿದು ಗೇಟು ತೆರೆಯುವುದು ಅಲ್ಲಿಯ ವಾಡಿಕೆ. ಯಜಮಾನರ ಗಾಡಿಯಲ್ಲಿ ಮುಂದಿನ ಆಸನ ಸಿಕ್ಕಿದರೆ ಆ ಕೆಲಸ ನಿಮ್ಮದು. ಕೊಳವೆಬಾವಿ ಮತ್ತು ನೀರಿನ ತೊಟ್ಟಿಯ ಹತ್ತಿರ ಡೇರೆ ಹಾಕಬೇಡಿ. ಮನುಷ್ಯರಿದ್ದರೆ ದನಗಳು ನೀರಿಗೆ ಬರುವುದಿಲ್ಲ.

ಮಸ್ಟರಿಂಗ್ ನೋಡಲು ಅವಕಾಶ ಸಿಕ್ಕಿದರೆ ಹೇಳಿದ ಜಾಗದಲ್ಲಿ ಮಾತ್ರ ನಿಲ್ಲಿ. ಹೆಲಿಕಾಪ್ಟರ್, ಮೋಟಾರ್‌ಸೈಕಲ್ ಮತ್ತು ಕುದುರೆಗಳು ಒಟ್ಟಾಗಿ ಮಂದೆಯನ್ನು ದೊಡ್ಡಿಯತ್ತ ತರುವಾಗ, ದೊಡ್ಡಿಯ ಬಾಯಿಯಲ್ಲಿ ಯಾರಾದರೂ ಎದ್ದು ನಿಂತರೂ ಸಾಕು, ಇಡೀ ಹಿಂಡು ಹಿಂದಿರುಗುತ್ತದೆ. ಬರೆ ಹಾಕುವುದು, ಬೀಜ ಒಡೆಯುವುದು, ಕೊಂಬು ಕತ್ತರಿಸುವುದು ಇವೆಲ್ಲ ಅಲ್ಲಿ ಕಣ್ಣೆದುರೇ ನಡೆಯುತ್ತವೆ. ನೋಡಲಾಗದಿದ್ದರೆ ಸದ್ದಿಲ್ಲದೆ ದೂರ ಸರಿದುಬಿಡಿ.

ಬೆಳಗಿನ ಕೆಲಸದ ನಡುವಿನ ಚಹಾ ವಿರಾಮಕ್ಕೆ 'ಸ್ಮೋಕೊ' ಎನ್ನುತ್ತಾರೆ. ಮಾತಿಗೆ ಅದೇ ಒಳ್ಳೆಯ ಹೊತ್ತು.

ಏಳನೆಯ ಹಂತ: ಏನು ಮಾತನಾಡಬೇಕು, ಏನನ್ನು ಕೇಳಬಾರದು

ಎಷ್ಟು ದನಗಳಿವೆ, ಎಷ್ಟು ಎಕರೆ ಇದೆ ಎಂದು ಕೇಳಬಾರದು. ಅದು ಬ್ಯಾಂಕಿನಲ್ಲಿ ಎಷ್ಟು ಹಣವಿದೆ ಎಂದು ಕೇಳಿದಂತೆಯೇ ಸರಿ. ಮಳೆ ಹೇಗಾಯಿತು, ಹುಲ್ಲು ಹೇಗಿದೆ, ಈ ಜಾಗಕ್ಕೆ ಯಾವ ತಳಿ ಒಗ್ಗುತ್ತದೆ ಎಂದು ಕೇಳಿ. 2019ರ ಫೆಬ್ರುವರಿಯಲ್ಲಿ, ವರ್ಷಗಳ ಬರಗಾಲದ ಬೆನ್ನಿಗೇ ಬಂದ ಮಹಾಪೂರದಲ್ಲಿ ವಾಯವ್ಯ ಕ್ವೀನ್ಸ್‌ಲ್ಯಾಂಡಿನ ಲಕ್ಷಾಂತರ ದನಗಳು ಚಳಿ ಮತ್ತು ಕೆಸರಿನಲ್ಲಿ ಸತ್ತವು. ಕ್ಲಾನ್‌ಕರಿ, ಜೂಲಿಯಾ ಕ್ರೀಕ್ ಸುತ್ತಿನವರು ತಾವಾಗಿ ಆ ಮಾತೆತ್ತಿದರೆ ಕೇಳಿಸಿಕೊಳ್ಳಿ, ನೀವಾಗಿ ಕೆದಕಬೇಡಿ. 2011ರಲ್ಲಿ ಸರ್ಕಾರ ಇಂಡೊನೇಷ್ಯಾಕ್ಕೆ ಜೀವಂತ ದನಗಳ ರಫ್ತನ್ನು ಹಠಾತ್ತನೆ ನಿಲ್ಲಿಸಿದ ವಿಷಯವೂ ಉತ್ತರದವರಿಗೆ ಇನ್ನೂ ಆರದ ಗಾಯ.

ನಮ್ಮ ಕಡೆಯಿಂದ ಹೇಳಲು ಒಂದು ಸೊಗಸಾದ ಸಂಗತಿಯಿದೆ. ಉತ್ತರ ಆಸ್ಟ್ರೇಲಿಯಾದ ಬಿಸಿಲನ್ನೂ ಉಣುಗಿನ ಕಾಟವನ್ನೂ ತಡೆದುಕೊಂಡು ಅಲ್ಲಿಯ ಮಂದೆಗಳನ್ನು ಉಳಿಸಿದ 'ಬ್ರಾಹ್ಮನ್' ತಳಿಯ ಬೇರು ಭಾರತದಲ್ಲಿದೆ. ಗಿರ್, ಕಾಂಕ್ರೇಜ್, ಓಂಗೋಲ್ ತಳಿಗಳ ಜೊತೆಗೆ ನಮ್ಮ ಕೃಷ್ಣಾ ಕಣಿವೆಯ ತಳಿಯ ರಕ್ತವೂ ಅಮೆರಿಕದಲ್ಲಿ ಬೆರೆತು ಈ ತಳಿ ರೂಪುಗೊಂಡಿತು. 1933ರಲ್ಲಿ ಅಮೆರಿಕದಿಂದ ಕ್ವೀನ್ಸ್‌ಲ್ಯಾಂಡಿಗೆ ಬಂತು. ಎದ್ದ ಹಿಣಿಲು, ಇಳಿಬಿದ್ದ ಗಂಗೆದೊಗಲು, ಜೋಲುಕಿವಿ ಕಂಡಾಗ ನಿಮಗೆ ಪರಿಚಿತ ಮುಖವೇ ಎದುರಾದಂತಾಗುತ್ತದೆ. ನಿಮ್ಮ ಊರಿನ ಹಳ್ಳಿಕಾರ್, ಖಿಲಾರಿ, ಅಮೃತಮಹಲ್ ದನಗಳ ಚಿತ್ರಗಳು ಫೋನಿನಲ್ಲಿರಲಿ. ಆ ಚಿತ್ರಗಳನ್ನು ನೋಡಿ ಕೊಂಬು, ಕಾಲು, ಕಸುವಿನ ಬಗ್ಗೆ ಅವರು ಕೇಳುವ ಪ್ರಶ್ನೆಗಳು ಬಲ್ಲವರ ಪ್ರಶ್ನೆಗಳಾಗಿರುತ್ತವೆ.

ಊಟದ ವಿಷಯವನ್ನು ಮರೆಮಾಚುವುದು ಬೇಡ. ಅಲ್ಲಿ ದನ ಸಾಕುವುದು ಮಾಂಸಕ್ಕಾಗಿ. ನೀವು ತಿನ್ನದಿದ್ದರೆ ವಸತಿ ಕಾಯ್ದಿರಿಸುವಾಗಲೇ ತಿಳಿಸಿ. ಅಡುಗೆಯ ಹೊತ್ತಿಗೆ ಹೇಳಿದರೆ ಅಂಗಡಿ ನೂರಾರು ಕಿಲೋಮೀಟರ್ ದೂರದಲ್ಲಿರುತ್ತದೆ. ಅಕ್ಕಿ, ಬೇಳೆ, ತರಕಾರಿಗಳನ್ನು ದೊಡ್ಡ ಊರುಗಳಲ್ಲಿ ಕೊಂಡು ಜೊತೆಗಿಟ್ಟುಕೊಳ್ಳಿ. ಕಾರಣ ಕೇಳಿದರೆ 'ನಮ್ಮ ಮನೆಯಲ್ಲಿ ರೂಢಿಯಿಲ್ಲ' ಎಂದರೆ ಸಾಕು. ಆತಿಥ್ಯ ಕೊಟ್ಟವರ ಕಸುಬಿನ ಸರಿತಪ್ಪುಗಳನ್ನು ಅವರದೇ ಊಟದ ಮೇಜಿನಲ್ಲಿ ತೂಗುವುದು ತರವಲ್ಲ. ನಮ್ಮಲ್ಲಿ ಎತ್ತು ಉಳುಮೆಯ ಸಂಗಾತಿಯಾದ ಬಗೆಯನ್ನೂ ಬಸವಣ್ಣನೆಂದು ಪೂಜೆಗೊಳ್ಳುವುದನ್ನೂ ಅವರು ಆಸಕ್ತಿಯಿಂದ ಕೇಳಿದಾಗ ತಡೆಯಿಲ್ಲದೆ ವಿವರಿಸಿ.

ಎಂಟನೆಯ ಹಂತ: ಆ ನೆಲದ ಮೂಲ ಜನರನ್ನು ಅರಿಯುವುದು

ಈ ಸ್ಟೇಷನ್ನುಗಳನ್ನು ಕಟ್ಟಿದ ದುಡಿಮೆಯಲ್ಲಿ ದೊಡ್ಡ ಪಾಲು ಮೂಲನಿವಾಸಿ ದನಗಾಹಿಗಳದು. ತಮ್ಮದೇ ನೆಲದಲ್ಲಿ ಅವರು ದಶಕಗಳ ಕಾಲ ರೊಟ್ಟಿ, ಮಾಂಸ ಮತ್ತು ಅಲ್ಪ ಕೂಲಿಗೆ ದುಡಿದರು. 1966ರ ಆಗಸ್ಟ್ 23ರಂದು ವಿನ್ಸೆಂಟ್ ಲಿಂಗಿಯಾರಿ ಅವರ ನಾಯಕತ್ವದಲ್ಲಿ ಸುಮಾರು 200 ಮಂದಿ ಗುರಿಂಜಿ ದನಗಾಹಿಗಳು, ಮನೆಗೆಲಸದವರು ಮತ್ತು ಅವರ ಕುಟುಂಬಗಳು ವೇವ್ ಹಿಲ್ ಸ್ಟೇಷನ್ ತೊರೆದು ಹೊರನಡೆದರು. ಕೂಲಿಯ ಪ್ರಶ್ನೆಯಾಗಿ ಕಂಡ ಆ ಹೋರಾಟ ನೆಲದ ಹಕ್ಕಿನ ಹೋರಾಟವಾಗಿ ಒಂಬತ್ತು ವರ್ಷ ನಡೆಯಿತು. 1975ರ ಆಗಸ್ಟ್ 16ರಂದು ಪ್ರಧಾನಿ ಗಫ್ ವಿಟ್ಲಮ್, ಹೋರಾಟಗಾರರು ಬೀಡುಬಿಟ್ಟಿದ್ದ ದಾಗುರಾಗುಗೆ ಬಂದು, ಲಿಂಗಿಯಾರಿ ಅವರ ಅಂಗೈಗೆ ಮಣ್ಣು ಸುರಿದು ನೆಲವನ್ನು ಹಿಂದಿರುಗಿಸಿದರು. ಮರುವರ್ಷ ಉತ್ತರ ಪ್ರಾಂತಕ್ಕೆ ಮೂಲನಿವಾಸಿಗಳ ಭೂಹಕ್ಕಿನ ಕಾಯ್ದೆ ಬಂತು.

ಕ್ಯಾಥರಿನ್‌ನಿಂದ ನೈಋತ್ಯಕ್ಕೆ ಸುಮಾರು 460 ಕಿಲೋಮೀಟರ್ ದೂರದ ಕಾಲ್ಕರಿಂಜಿಯಲ್ಲಿ ಪ್ರತಿವರ್ಷ ಆಗಸ್ಟ್ ತಿಂಗಳಲ್ಲಿ ಈ ಹೊರನಡಿಗೆಯ ಸ್ಮರಣೆ ನಡೆಯುತ್ತದೆ. ಪ್ರಯಾಣಕ್ಕೆ ಆಗಸ್ಟ್ ಆರಿಸಿಕೊಳ್ಳಿ ಎಂದುದಕ್ಕೆ ಮುಖ್ಯ ಕಾರಣ ಇದೇ. ಮುಖ್ಯ ದಾರಿಯಿಂದ ಪಕ್ಕಕ್ಕೆ ತಿರುಗಿಯಾದರೂ ಹೋಗಲೇಬೇಕಾದ ಊರಿದು. ಮೂಲನಿವಾಸಿಗಳ ನೆಲದಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೋಗಲು ಆ ನೆಲವನ್ನು ನೋಡಿಕೊಳ್ಳುವ ಭೂಮಂಡಳಿಯ (ಲ್ಯಾಂಡ್ ಕೌನ್ಸಿಲ್) ಅನುಮತಿ ಪತ್ರ ಬೇಕಾಗುತ್ತದೆ, ಅದಕ್ಕೆ ವಾರಗಳ ಮೊದಲೇ ಅರ್ಜಿ ಹಾಕಿ. ಅನೇಕ ಊರುಗಳಲ್ಲಿ ಮದ್ಯಕ್ಕೆ ಕಟ್ಟುನಿಟ್ಟಿನ ನಿಷೇಧವಿರುವುದರಿಂದ ಗಾಡಿಯಲ್ಲಿ ಒಂದು ಬಾಟಲಿಯೂ ಇರಕೂಡದು. ಕೇಳದೆ ಯಾರ ಚಿತ್ರವನ್ನೂ ತೆಗೆಯಬೇಡಿ. ತೀರಿಕೊಂಡವರ ಹೆಸರನ್ನು ಉಚ್ಚರಿಸುವುದು ಹಲವು ಸಮುದಾಯಗಳಲ್ಲಿ ನಿಷಿದ್ಧ. ಮನೆಯವರ ಬಗ್ಗೆ ವಿಚಾರಿಸುವಾಗ ಎಚ್ಚರವಿರಲಿ. ಪ್ರಶ್ನೆಯ ನಂತರ ದೀರ್ಘ ಮೌನ ಬಂದರೆ ಅದನ್ನು ಇನ್ನೊಂದು ಪ್ರಶ್ನೆಯಿಂದ ತುಂಬಿಸದೆ ಕಾಯಿರಿ. ಹಿರಿಯ ದನಗಾಹಿಯೊಬ್ಬರು ತಾವು ಕಂಡದ್ದನ್ನು ಹೇಳಲು ಒಪ್ಪಿದರೆ, ಫೋನಿನಲ್ಲಿ ಧ್ವನಿಮುದ್ರಿಸುವ ಮೊದಲು ಒಪ್ಪಿಗೆ ಕೇಳಿ, ಒಪ್ಪದಿದ್ದರೆ ಫೋನನ್ನು ಜೇಬಿನಲ್ಲಿಡಿ.

ಕಾಲ್ಕರಿಂಜಿಯಿಂದ ಮರಳಿ ಕ್ಯಾಥರಿನ್‌ಗೆ ಬಂದರೆ ಡಾರ್ವಿನ್ ಮುನ್ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಅಲ್ಲಿ ಕಾರನ್ನು ಹಿಂದಿರುಗಿಸುವ ಮೊದಲು ಅಡಿಭಾಗದ ಮಣ್ಣನ್ನೂ ಹುಲ್ಲಿನ ಬೀಜಗಳನ್ನೂ ತೊಳೆಸಿ. ಸ್ಟೇಷನ್ನುಗಳಲ್ಲಿ ತೆಗೆದ ಚಿತ್ರಗಳಲ್ಲಿ ಬರೆಯ ಗುರುತು, ಗೇಟಿನ ಫಲಕ, ಮಕ್ಕಳ ಮುಖ ಕಾಣುವಂಥವನ್ನು ಅವರ ಒಪ್ಪಿಗೆಯಿಲ್ಲದೆ ಎಲ್ಲಿಯೂ ಹಾಕಬೇಡಿ. ಆ ಚಿತ್ರಗಳನ್ನು ಅವರಿಗೇ ಕಳುಹಿಸಿ. ಕೆಲಸದ ನಡುವೆ ತಮ್ಮ ಚಿತ್ರ ತಾವೇ ತೆಗೆದುಕೊಳ್ಳುವ ಪುರುಸೊತ್ತು ಅವರಿಗೆ ಇರುವುದಿಲ್ಲ.